ಹಬೆಗೆ ದಾರಿ

ನನ್ನ ದೊಡ್ಡಮ್ಮ ಇಪ್ಪತ್ತೊಂಬತ್ತು ವರ್ಷ ಆಸ್ಪತ್ರೆಯ ಲಾಂಡ್ರಿಯಲ್ಲಿ ದುಡಿದವಳು. ಹಾಸಿಗೆಯ ಬಟ್ಟೆ, ರೋಗಿಗಳ ಅಂಗಿ, ವೈದ್ಯರ ಕೋಟು ಎಲ್ಲವೂ ಅಲ್ಲಿ ದಿನವಿಡೀ ಕುದಿಯುತ್ತಿದ್ದವು. ಒಳಗೆ ಹೋದವರಿಗೆ ಎದುರಿಗಿದ್ದವರ ಮುಖ ಕಾಣದಷ್ಟು ಆವಿ. ಅವಳನ್ನು ಹೆಸರು ಹಿಡಿದು ಕರೆದವರು ಅಲ್ಲಿ ಯಾರೂ ಇರಲಿಲ್ಲ. ಎಲ್ಲರಿಗೂ ಅವಳು ಹಬೆಯಕ್ಕ.

ಆಸ್ಪತ್ರೆಯವರು ಬಟ್ಟೆ ಒಗೆಯುವ ಕೆಲಸವನ್ನು ಹೊರಗಿನವರಿಗೆ ಕೊಟ್ಟ ವರ್ಷ ಲಾಂಡ್ರಿ ಮುಚ್ಚಿತು. ಅದರ ಜೊತೆಗೇ ಅವಳಿದ್ದ ನೌಕರರ ಕೋಣೆಯನ್ನೂ ಬಿಡಬೇಕಾಯಿತು. ಗಂಡ ತೀರಿಕೊಂಡು ಬಹಳ ವರ್ಷಗಳಾಗಿದ್ದವು, ಮಕ್ಕಳಿರಲಿಲ್ಲ. ಅವಳ ತಂಗಿಯಾದ ನನ್ನ ಅಮ್ಮ ನಮ್ಮ ಮನೆಯ ಹಿಂದಿನ ಕೋಣೆಗೆ ಸುಣ್ಣ ಹೊಡೆಸಿ, ಹೊಸ ಪರದೆ ಹಾಕಿ, ಅಕ್ಕನನ್ನು ಕರೆತಂದು ತೋರಿಸಿದಳು. ದೊಡ್ಡಮ್ಮ ಪರದೆಯನ್ನು ಮುಟ್ಟಿ ನೋಡಿ, ಬಟ್ಟೆ ಚೆನ್ನಾಗಿದೆ, ತೊಳೆದರೆ ಬಣ್ಣ ಬಿಡುವುದಿಲ್ಲ ಎಂದಳು. ಮುಂದಿನ ವಾರ ಹೋಗಿ ಒಂದು ಹಳೆಯ ಟ್ರೈಲರ್ ಮನೆ ಕೊಂಡುಬಿಟ್ಟಳು.

ರಜೆಯಲ್ಲಿ ಕಾರಿನ ಹಿಂದೆ ಕಟ್ಟಿಕೊಂಡು ಹೋಗುತ್ತಾರಲ್ಲ, ಅಂಥದ್ದು. ಊರಾಚೆ ಕೆರೆಯ ಪಕ್ಕದ ಮೈದಾನದಲ್ಲಿ ಅಂಥವು ಮೂವತ್ತೋ ನಲವತ್ತೋ ನಿಂತಿದ್ದವು. ಅವುಗಳಲ್ಲಿ ವರ್ಷಪೂರ್ತಿ ವಾಸವಾಗಿದ್ದವರು ಎಂಟು ಹತ್ತು ಮಂದಿ.

ಅಮ್ಮ ಊಟ ಬಿಟ್ಟಳು, ಮಾತು ಬಿಟ್ಟಳು. ಕೊನೆಗೆ ನನ್ನನ್ನು ರಾಯಭಾರಕ್ಕೆ ಕಳಿಸಿದಳು. ದೊಡ್ಡಮ್ಮ ನನ್ನ ಕೈಗೆ ಟೀ ಲೋಟ ಕೊಟ್ಟು, "ನೋಡು ಮಗಾ, ಹಿಂದಿನ ಕೋಣೇಲಿ ಇಡೋಕೆ ನಾನೇನು ಹಳೇ ಬೀರು ಅಲ್ಲ. ನಿಮ್ಮಮ್ಮನಿಗೆ ಹಾಗಂತ ಹೇಳು," ಎಂದಳು. ನಾನು ಅಮ್ಮನಿಗೆ ಹಾಗೆ ಹೇಳಲಿಲ್ಲ. ದೊಡ್ಡಮ್ಮ ಆರಾಮಾಗಿದ್ದಾಳೆ ಎಂದಷ್ಟೇ ಹೇಳಿದೆ.

ಮಳೆಗಾಲ ಮುಗಿಯುವವರೆಗೆ ಆರಾಮಾಗಿಯೇ ಇದ್ದಳು. ಚಳಿ ಶುರುವಾದ ಮೇಲೆ ಕಷ್ಟ ಬಂತು.

ಆ ಟ್ರೈಲರಿನ ಅಡುಗೆಮನೆ ಎಂದರೆ ಎರಡು ಮಾರು ಜಾಗ. ಎರಡು ಬರ್ನರಿನ ಗ್ಯಾಸ್ ಒಲೆ, ಅದರ ಪಕ್ಕ ಬೋಗುಣಿಯಷ್ಟು ಸಿಂಕು, ಮೇಲೆ ಅಲ್ಯೂಮಿನಿಯಂ ಚೌಕಟ್ಟಿನ ಒಂದು ಕಿಟಕಿ. ಬೇಳೆ ಬೇಯಲು ಇಟ್ಟು ಕಾಲು ಗಂಟೆ ಕಳೆಯುವಷ್ಟರಲ್ಲಿ ಕಿಟಕಿಯ ಗಾಜು ಬೆವರುತ್ತಿತ್ತು. ಬೆಳಗ್ಗೆ ಎದ್ದರೆ ಗಾಜಿನಿಂದ ನೀರು ಸಾಲುಗಟ್ಟಿ ಇಳಿದು ಕಟ್ಟೆಯ ಮೇಲೆ ನಿಂತಿರುತ್ತಿತ್ತು. ಚಾವಣಿಯ ಒಂದೊಂದು ಸ್ಕ್ರೂವಿನ ತಲೆಯಲ್ಲೂ ಒಂದೊಂದು ಹನಿ. ಉಪ್ಪು ನೀರೊಡೆಯಿತು. ಬೆಂಕಿಪೊಟ್ಟಣದ ಕಡ್ಡಿ ಗೀರಿದರೆ ಮದ್ದು ಮೆತ್ತಗೆ ಉದುರುತ್ತಿತ್ತು. ಹಿಟ್ಟಿನ ಡಬ್ಬ ಇಡುವ ಮೂಲೆಯಲ್ಲಿ ಕಪ್ಪು ಬೂಷ್ಟು ಹತ್ತಿತು. ಸಿಂಕಿನ ಕೆಳಗಿನ ಹಲಗೆಯನ್ನು ಒತ್ತಿದರೆ ನೆನೆದ ರಟ್ಟಿನಂತೆ ಬೆರಳು ಒಳಗಿಳಿಯಿತು.

ಮೊದಲು ಅವಳು ಎಲ್ಲರೂ ಮಾಡುವ ತಪ್ಪನ್ನೇ ಮಾಡಿದಳು. ಚಳಿ ಬರದಿರಲಿ ಎಂದು ಸಂದುಗೊಂದಿಗೆಲ್ಲ ಬಟ್ಟೆ ತುರುಕಿ, ಗ್ಯಾಸ್ ಹೀಟರ್ ಹಚ್ಚಿದಳು. ನೀರು ಇಮ್ಮಡಿಯಾಯಿತು, ತಲೆಯೂ ಭಾರವಾಗತೊಡಗಿತು. ನಾನು ಪೇಟೆಯಿಂದ ತೇವ ಹೀರುವ ಹರಳಿನ ಡಬ್ಬಿಗಳನ್ನು ತಂದುಕೊಟ್ಟೆ. ಎರಡೇ ದಿನಕ್ಕೆ ಡಬ್ಬಿ ತುಂಬಿ ತುಳುಕಿತು. ಕೆರೆ ಬತ್ತಿಸಲು ಚಮಚ ತಂದಿದ್ದೀಯ ಎಂದು ನಕ್ಕಳು.

ಆ ವಾರವೇ ಮೈದಾನದ ಮೇಲ್ವಿಚಾರಕರು ಪ್ರತಿ ಬಾಗಿಲಿಗೂ ಒಂದು ಕಾಗದ ಅಂಟಿಸಿದರು. ಹಿಂದಿನ ಚಳಿಗಾಲದಲ್ಲಿ ಯಾರದೋ ಟ್ರೈಲರಿನ ನೆಲ ಕೊಳೆತು ಒಲೆಯೇ ಕುಸಿದಿತ್ತಂತೆ. ಆದ್ದರಿಂದ ಚಳಿ ಮುಗಿಯುವವರೆಗೆ ಟ್ರೈಲರಿನೊಳಗೆ ಅಡುಗೆ ಮಾಡುವಂತಿಲ್ಲ, ಎಲ್ಲರೂ ಗೇಟಿನ ಬಳಿಯ ಸಾಮೂಹಿಕ ಅಡುಗೆ ಶೆಡ್ ಬಳಸಬೇಕು, ಒಪ್ಪದವರು ಜಾಗ ಖಾಲಿ ಮಾಡಬೇಕು ಎಂದು ಅದರಲ್ಲಿತ್ತು. ಉಳಿದವರು ಗೊಣಗಿಕೊಂಡು ಪಾತ್ರೆ ಹೊತ್ತರು. ದೊಡ್ಡಮ್ಮ ಆ ಕಾಗದವನ್ನು ನಾಲ್ಕು ಮಡಿಕೆ ಮಾಡಿ, ಅಲುಗಾಡುತ್ತಿದ್ದ ಮೇಜಿನ ಕಾಲಿಗೆ ಕೊಟ್ಟಳು.

ಮರುದಿನ ಮೇಲ್ವಿಚಾರಕರೇ ಬಂದರು. ಕೆಟ್ಟವರಲ್ಲ, ಆದರೆ ಬರೆದದ್ದನ್ನು ಅಳಿಸಿ ಗೊತ್ತಿಲ್ಲದವರು. ಬಾಗಿಲಲ್ಲಿ ನಿಂತು, ತೇವ ಬರುವುದೇ ಅಡುಗೆ ಮಾಡುವವರಿಂದ, ವಯಸ್ಸಾದವರು ಬೇಗ ಹೊರಡುವುದು ಒಳ್ಳೆಯದು ಎಂದು ಮೆತ್ತಗೆ ಹೇಳಿದರು. ದೊಡ್ಡಮ್ಮ ಸೌಟು ಹಿಡಿದುಕೊಂಡೇ ಉತ್ತರ ಕೊಟ್ಟಳು.

"ದಾರಿ ತೋರಿಸಬೇಕಾಗಿರೋದು ಹಬೆಗೆ ಸಾರ್, ನನಗಲ್ಲ. ನಾನು ಇಲ್ಲೇ ಬೇಯಿಸ್ತೀನಿ, ಇಲ್ಲೇ ತಿಂತೀನಿ."

ಅವರು ಹೋದ ಮೇಲೆ ಅವಳು ಸೌಟನ್ನು ಸಿಂಕಿಗೆ ಎಸೆದಳು. ನಾನು ಅಲ್ಲೇ ಇದ್ದೆ, ನೋಡಿದೆ. ಬರೀ ಸಿಟ್ಟಲ್ಲ. ಹತ್ತಿರ ಹತ್ತಿರ ಮೂವತ್ತು ವರ್ಷ ಹಬೆಯ ಜೊತೆ ಬಾಳಿದವಳಿಗೆ ಹಬೆಯ ವಿಷಯದಲ್ಲಿ ಬುದ್ಧಿ ಹೇಳಿಸಿಕೊಳ್ಳುವ ಗತಿ ಬಂತಲ್ಲ ಎಂಬ ಅವಮಾನ.

ಲಾಂಡ್ರಿಯಲ್ಲಿ ಬಟ್ಟೆ ಒಣಗಿದೆಯೇ ಎಂದು ಅಂಗೈಯಿಂದ ನೋಡುತ್ತಿರಲಿಲ್ಲವಂತೆ. ಅಂಗೈ ಸುಳ್ಳು ಹೇಳುತ್ತದೆ, ಮುಂಗೈ ತಾಗಿಸಬೇಕು. ಆ ಸಂಜೆ ಅವಳು ಮುಂಗೈಯನ್ನು ಗೋಡೆ, ಕಪಾಟು, ಚಾವಣಿಗೆಲ್ಲ ತಾಗಿಸುತ್ತ ಹೋದಳು. ಎಲ್ಲಿ ತಣ್ಣಗಿತ್ತೋ ಅಲ್ಲೆಲ್ಲ ಬಳಪದಿಂದ ಗುರುತು ಹಾಕಿದಳು. ಬೂಷ್ಟು ಹತ್ತಿದ ಜಾಗಗಳೆಲ್ಲ ಆ ಗುರುತಿನೊಳಗೇ ಬಂದವು. ಬೆಚ್ಚಗಿನ ಹಬೆ ತಣ್ಣನೆಯ ಜಾಗ ಹುಡುಕಿ ಕೂರುತ್ತದೆ, ಅದಕ್ಕೂ ದಣಿವಿರುತ್ತದೆ ಎಂದಳು. ಆಮೇಲೆ ಒಲೆಯ ಮೇಲಿನ ಗಾಳಿಕಿಂಡಿಯನ್ನು ತೆರೆದು, ಹೊಲಿಗೆ ಪೆಟ್ಟಿಗೆಯಿಂದ ಒಂದು ನೂಲೆಳೆ ತೆಗೆದು ಅದರ ಬಾಯಿಗೆ ಹಿಡಿದಳು. ಹೊರಗೆ ಗಾಳಿ ಬೀಸುತ್ತಿತ್ತು. ನೂಲು ಮಾತ್ರ ಮಿಸುಕಲಿಲ್ಲ.

ಬೆಳಗಾದ ಮೇಲೆ ಪಕ್ಕದ ಟ್ರೈಲರಿನ ನಿವೃತ್ತ ರೈಲು ಚಾಲಕರಿಂದ ಏಣಿ ಕೇಳಿದಳು. ಚಾವಣಿ ಮುಟ್ಟಬಾರದೆಂಬ ನಿಯಮವಿದೆ, ಬೀಳುತ್ತೀರಿ ಎಂದು ಅವರು ಎಷ್ಟು ಹೇಳಿದರೂ ಕೇಳದೆ ಹತ್ತಿದಳು. ಅವರು ಏಣಿ ಹಿಡಿದು ನಿಂತರು, ನಾನು ಏಣಿಯ ಜೊತೆಗೆ ಅವರನ್ನೂ ಹಿಡಿದು ನಿಂತೆ. ಮೇಲಿಂದ ಅವಳ ಗಟ್ಟಿ ನಗು ಕೇಳಿಸಿತು. ಮಳೆಗಾಲದಲ್ಲಿ ಸೋರಿಕೆ ನಿಲ್ಲಿಸಲು ಮೇಲ್ವಿಚಾರಕರ ಕೆಲಸದವರು ಎಲ್ಲ ಟ್ರೈಲರುಗಳ ಮೇಲೂ ಟಾರಿನ ಹಾಳೆ ಹಾಸಿ ಹೋಗಿದ್ದರು. ಗಾಳಿಕಿಂಡಿಯನ್ನೂ ಸೇರಿಸಿ ಮುಚ್ಚಿಬಿಟ್ಟಿದ್ದರು. ಒಳಗಿನಿಂದ ತೆರೆದರೆ ಬಾಯಿ ತೆರೆಯುತ್ತಿತ್ತು, ಉಸಿರಾಡುತ್ತಿರಲಿಲ್ಲ.

ತರಕಾರಿ ಹೆಚ್ಚುವ ಚಾಕುವಿನಿಂದಲೇ ಆ ಭಾಗವನ್ನು ಕತ್ತರಿಸಿ ಕೆಳಗೆಸೆದಳು. ಗ್ಯಾಸ್ ಸೋರಿದರೆ ಹೊರಹೋಗಲೆಂದು ನೆಲದಲ್ಲಿ ಬಿಟ್ಟಿದ್ದ ಜಾಲರಿಗೆ ತಾನೇ ತುರುಕಿದ್ದ ಬಟ್ಟೆಯನ್ನು ಕಿತ್ತುಹಾಕಿದಳು. ಇದು ಇನ್ನೊಂದು ತಿಂಗಳು ಹೀಗೇ ಇದ್ದಿದ್ದರೆ ಅಡುಗೆಮನೆಯ ಚಿಂತೆ ಮಾಡಲು ನಾನೇ ಇರುತ್ತಿರಲಿಲ್ಲ ಎಂದಳು.

ಅಂದಿನಿಂದ ಅವಳ ಅಡುಗೆಯ ರೀತಿ ಬದಲಾಯಿತು. ಮುಚ್ಚಳವಿಲ್ಲದೆ ಏನೂ ಕುದಿಯುವಂತಿಲ್ಲ. ಒಲೆ ಹಚ್ಚುವ ಮೊದಲೇ ಮೇಲಿನ ಕಿಂಡಿ ತೆರೆಯಬೇಕು. ನೀರು ಕುದಿಯದಿದ್ದರೂ ಉರಿಯುವ ಗ್ಯಾಸಿನಿಂದಲೇ ಆವಿ ಹುಟ್ಟುತ್ತದೆ. ಕಿಟಕಿ ಒಂದು ಬೆರಳು ತೆರೆದಿರಬೇಕು, ಎಷ್ಟೇ ಚಳಿಯಿರಲಿ. ಪಾತ್ರೆ ಒರೆಸಿದ ಬಟ್ಟೆ ಹೊರಗಿನ ಹಗ್ಗಕ್ಕೆ. ಕಪಾಟನ್ನು ಗೋಡೆಯಿಂದ ನಾಲ್ಕು ಬೆರಳು ಈಚೆಗೆ ಸರಿಸಿದಳು. ಸಿಂಕಿನ ಕೆಳಗಿನ ಕೊಳೆತ ಹಲಗೆಯನ್ನು ತಾನೇ ಗರಗಸ ಹಿಡಿದು ಕೊಯ್ದು, ಹೊಸ ತುಂಡು ಕೂರಿಸಿದಳು. ಒಳಗೆ ಸ್ವೆಟರ್ ಹಾಕಿಕೊಂಡು ಅಡುಗೆ ಮಾಡುತ್ತಿದ್ದಳು. ಸ್ವೆಟರ್ ಒದ್ದೆಯಾಗಿರುತ್ತಿರಲಿಲ್ಲ, ಅದು ಮುಖ್ಯ.

ಟಾರು ಕಿತ್ತ ಸುದ್ದಿ ಮೇಲ್ವಿಚಾರಕರಿಗೆ ಮುಟ್ಟಿತು. ಸೋಮವಾರ ಬೆಳಗ್ಗೆ ಎರಡು ಮೊಳೆ ಇರುವ ಒಂದು ಚಿಕ್ಕ ಯಂತ್ರ ಹಿಡಿದು ಬಂದರು. ಮರಕ್ಕೆ ಚುಚ್ಚಿದರೆ ಅದರಲ್ಲಿ ಎಷ್ಟು ತೇವವಿದೆಯೆಂದು ಅಂಕಿ ತೋರಿಸುತ್ತದೆ. ಒಲೆಯ ಹಿಂದಿನ ಪಟ್ಟಿಗೆ ಚುಚ್ಚಿದರು. ಇಪ್ಪತ್ತಾರು. ಹದಿನೆಂಟಕ್ಕಿಂತ ಕೆಳಗಿರಬೇಕು, ನೋಡಿದಿರಾ ಎಂದರು.

"ಅದು ನಿಮ್ಮ ಟಾರು ಹಾಕಿದಾಗಿನಿಂದ ಮರ ಕುಡಿದ ನೀರು," ಎಂದಳು ದೊಡ್ಡಮ್ಮ. "ಒಂದೇ ದಿನಕ್ಕೆ ಕಕ್ಕಲ್ಲ. ಇವತ್ತಿಂದೂ ಸೇರಿ ಮೂರು ಸೋಮವಾರ ಚುಚ್ಚಿ ನೋಡಿ. ಅಷ್ಟೂ ದಿನ ನಾನು ಇಲ್ಲೇ ಅಡುಗೆ ಮಾಡ್ತೀನಿ. ಮೂರನೇ ಸಲಾನೂ ಹದಿನೆಂಟು ದಾಟಿದ್ರೆ ನಾನೇ ಗಾಡಿ ಎಳೆಸ್ಕೊಂಡು ಹೋಗ್ತೀನಿ."

ಅವರು ಒಪ್ಪಿದರು. ಎರಡನೆಯ ಸೋಮವಾರ ಇಪ್ಪತ್ತೊಂದು ಬಂತು. ಆ ವಾರ ಮಂಜು ಬಿದ್ದು ಮೂರು ದಿನ ಬಿಸಿಲೇ ಕಾಣಲಿಲ್ಲ. ಸೋತರೆ ಏನು ಮಾಡುತ್ತೀಯ ಎಂದು ಕೇಳಿದೆ. ಸೋಲುವ ಲೆಕ್ಕ ಹಾಕಿಕೊಂಡು ಒಲೆ ಹಚ್ಚಿದರೆ ಬೇಳೆ ಬೇಯುವುದಿಲ್ಲ ಎಂದಳು.

ಮೂರನೆಯ ಸೋಮವಾರ ಅರ್ಧ ಮೈದಾನವೇ ಬಾಗಿಲ ಮುಂದೆ ನೆರೆದಿತ್ತು. ದೊಡ್ಡಮ್ಮ ಬೇಕೆಂದೇ ದೊಡ್ಡ ಪಾತ್ರೆಯಲ್ಲಿ ಆಲೂಗಡ್ಡೆ ಬೇಯಲು ಇಟ್ಟಿದ್ದಳು. ಕಿಟಕಿಯ ಗಾಜಿನ ಅಂಚಿನಲ್ಲಿ ಒಂದಿಷ್ಟು ಮಬ್ಬಿತ್ತು, ನಡುವೆ ಕೆರೆ ನಿಚ್ಚಳವಾಗಿ ಕಾಣುತ್ತಿತ್ತು. ಮೇಲ್ವಿಚಾರಕರು ಚುಚ್ಚಿದರು. ಹದಿನೇಳು. ಇನ್ನೊಂದು ಕಡೆ ಚುಚ್ಚಿದರು. ಅಲ್ಲೂ ಹದಿನೇಳೇ.

ಜನ ಚಪ್ಪಾಳೆ ತಟ್ಟಲು ಕೈಯೆತ್ತಿದ್ದರು. ದೊಡ್ಡಮ್ಮ ಅವರನ್ನು ತಡೆದು, ಯಂತ್ರವನ್ನು ಒಂದು ನಿಮಿಷ ಕೊಡಿ ಎಂದು ಇಸಿದುಕೊಂಡು, ನೆಟ್ಟಗೆ ಗೇಟಿನ ಬಳಿಯ ಅಡುಗೆ ಶೆಡ್ಡಿಗೆ ನಡೆದಳು. ಎಲ್ಲರೂ ಹಿಂದೆ ಹೋದೆವು. ಅಲ್ಲಿ ಒಂದೂ ಕಿಟಕಿ ತೆರೆದಿರಲಿಲ್ಲ. ಗೋಡೆಯ ಮರದ ಪಟ್ಟಿಗೆ ಅವಳು ಮೊಳೆ ಒತ್ತಿದಳು. ಮೂವತ್ತೊಂದು. ಆ ಅಂಕಿಯನ್ನು ಮೇಲ್ವಿಚಾರಕರ ಕಡೆಗೆ ತಿರುಗಿಸಿ ಹಿಡಿದಳು.

ಅವರು ಯಂತ್ರ ವಾಪಸು ಪಡೆದು ಜೇಬಿಗೆ ಹಾಕಿಕೊಂಡರು. ಕ್ಷಮೆ ಕೇಳಲಿಲ್ಲ. ಮಧ್ಯಾಹ್ನ ಅವರ ಕೆಲಸದವರು ಏಣಿ ತಂದು ಒಂದೊಂದೇ ಟ್ರೈಲರಿನ ಕಿಂಡಿಯ ಮೇಲಿನ ಟಾರು ಬಿಡಿಸತೊಡಗಿದರು. ಸಂಜೆಗೆ ಹಳೆಯ ಆದೇಶ ರದ್ದಾಗಿದೆಯೆಂದು ಇನ್ನೊಂದು ಕಾಗದ ಬಂತು. ದೊಡ್ಡಮ್ಮ ಅದಕ್ಕೆ ಅವರ ಸಹಿ ಬೇಕೇ ಬೇಕೆಂದು ಹಟ ಹಿಡಿದು ಹಾಕಿಸಿಕೊಂಡಳು.

ಇದಾಗಿ ಆರು ವರ್ಷ. ದೊಡ್ಡಮ್ಮ ಅದೇ ಟ್ರೈಲರಿನಲ್ಲಿದ್ದಾಳೆ. ತೇವವೇನೂ ಪೂರ್ತಿ ಹೋಗಿಲ್ಲ. ಪ್ರತಿ ಚಳಿಗಾಲವೂ ಒಂದು ಮೂಲೆ ಹುಡುಕಿಕೊಂಡು ಬರುತ್ತದೆ, ಅವಳು ಅಟ್ಟಿಸಿಕೊಂಡು ಹೋಗುತ್ತಾಳೆ. ಅಮ್ಮನ ಮುನಿಸು ಎರಡು ವರ್ಷ ನಡೆಯಿತು. ಮೂರನೆಯ ವರ್ಷ ಅವಳೇ ನಾಲ್ಕು ದಿನವಿದ್ದು ಬರುತ್ತೇನೆಂದು ಹೋದಳು. ಚಳಿಯೆಂದು ಅಮ್ಮ ಕಿಟಕಿ ಹಾಕುವುದು, ದೊಡ್ಡಮ್ಮ ಎದ್ದು ಬಂದು ಒಂದು ಬೆರಳು ತೆರೆಯುವುದು, ಮತ್ತೆ ಅಮ್ಮ ಹಾಕುವುದು, ಹೀಗೆ ನಾಲ್ಕು ದಿನವೂ ಇಬ್ಬರೂ ಜಗಳವಾಡಿದರಂತೆ. ಅಮ್ಮ ವಾಪಸು ಬಂದದ್ದು ಹನ್ನೊಂದನೆಯ ದಿನ.