ನೀಲಾವತಿ ಟೀಚರಿಗೆ ಗೊತ್ತಿಲ್ಲದ ಲೆಕ್ಕ

ಬೆಳ್ತಂಗಡಿಯಲ್ಲಿ ನನ್ನ ಹೊಲಿಗೆ ಅಂಗಡಿಯ ಪಕ್ಕದ ಜಗಲಿಯಲ್ಲಿ ನೀಲಾವತಿ ಟೀಚರ ಟ್ಯೂಷನ್. ಟಿ.ಸಿ.ಎಚ್. ಮುಗಿಸಿ ಸರಕಾರಿ ಕೆಲಸಕ್ಕೆ ಕಾದು ಕಾದು, ಕಡೆಗೆ ಕಾಯುವುದನ್ನೇ ಬಿಟ್ಟ ಹೆಂಗಸು. ಇಪ್ಪತ್ತೆರಡು ವರ್ಷದಿಂದ ಗಣಿತ, ಪ್ರಬಂಧ ಎರಡನ್ನೂ ಒಟ್ಟಿಗೇ ಕಲಿಸುತ್ತಾರೆ. ಮಾಡಿದ ಲೆಕ್ಕವನ್ನು ಮಕ್ಕಳು ಮಾತಿನಲ್ಲಿ ಬರೆದು, ಮನೆಯಲ್ಲಿ ಗಣಿತ ಬಾರದ ಒಬ್ಬರಿಗೆ ಓದಿ ಹೇಳಬೇಕು. ಅವರಿಗೆ ಅರ್ಥವಾದರೆ ಸಹಿ, ಇಲ್ಲದಿದ್ದರೆ ಮತ್ತೆ ಬರೆಯಬೇಕು. ಊರಿಗೊಂದು ದಾರಿಯಾದರೆ ಪೋರನಿಗೊಂದು ದಾರಿ ಎಂದು ನಾನು ಛೇಡಿಸಿದ್ದುಂಟು. ನನ್ನ ಮಗಳ ಪುಸ್ತಕಕ್ಕೆ ಓದಿಸದೆಯೇ ಸಹಿ ಹಾಕಿ ಬೈಸಿಕೊಂಡದ್ದೂ ಉಂಟು.

ಈ ವರ್ಷ ಹತ್ತನೆಯ ತರಗತಿಯ ರಿಫಾ ಪೂರ್ವಸಿದ್ಧತಾ ಪರೀಕ್ಷೆಯಲ್ಲಿ ಗಣಿತಕ್ಕೆ ಹನ್ನೊಂದು ಅಂಕ ತಂದಳು. "ನಾನು ದಡ್ಡಿ ಟೀಚರ್. ಪರೀಕ್ಷೆಗೆ ಕೂತುಕೊಳ್ಳುವುದಿಲ್ಲ, ಅಜ್ಜಿಯೊಟ್ಟಿಗೆ ಬೀಡಿ ಕಟ್ತೇನೆ" ಎಂದಳು.

ಟೀಚರ್ ಬೈಯಲಿಲ್ಲ. "ಆಯ್ತು, ಮೊದಲು ಮೈನಸ್ ಲೆಕ್ಕದಿಂದ ಶುರು ಮಾಡುವ" ಎಂದರು.

ರಿಫಾಳ ಅಜ್ಜಿ ರುಖಿಯಮ್ಮನಿಗೆ ಸಹಿ ಬಾರದು, ಹೆಬ್ಬೆಟ್ಟೇ. ಅದನ್ನೂ ಅವರು ಮೂರು ದಿನ ಒತ್ತಲಿಲ್ಲ. ಮೈನಸ್ಸನ್ನು ಮೈನಸ್ಸಿನಿಂದ ಗುಣಿಸಿದರೆ ಪ್ಲಸ್ ಎಂಬಲ್ಲಿಗೆ ಬಂದಾಗ ಬೀಡಿ ಎಲೆ ತುಂಬಿದ ಮೊರದಂಥ ತಡ್ಪೆಯನ್ನು ಪಕ್ಕಕ್ಕಿಟ್ಟು "ಯಾಕೆ?" ಎನ್ನುತ್ತಿದ್ದರಂತೆ. ನಾಲ್ಕನೆಯ ದಿನ ಹುಡುಗಿ ಅಳುತ್ತ ಬಂದಳು. ಅದು ನಿಯಮ ಎನ್ನಲು ಬಾಯಿ ತೆರೆದ ಟೀಚರ್ ಚಾಕನ್ನು ಕೆಳಗಿಟ್ಟರು. ಆಮೇಲೆ ಹದಿನಾಲ್ಕು ಮಕ್ಕಳ ಎದುರು ಹೇಳಿದರು: "ಯಾಕೆ ಅಂತ ನನಗೂ ಗೊತ್ತಿಲ್ಲ ರಿಫಾ. ನಾನು ಬಾಯಿಪಾಠ ಮಾಡಿದ್ದು. ನಿನಗೆ ಗೊತ್ತಾದರೆ ನನಗೂ ಹೇಳು."

ಟ್ಯೂಷನ್ ಮುಳುಗಿತು ಎಂದುಕೊಂಡೆ. ಗೊತ್ತಿಲ್ಲ ಎನ್ನುವ ಟೀಚರ ಹತ್ತಿರ ಮಕ್ಕಳನ್ನು ಯಾರು ಕಳಿಸುತ್ತಾರೆ?

ಎರಡು ದಿನ ಬಿಟ್ಟು ಬಂದ ರಿಫಾ ಚಾಕ್ ಕೇಳಿ ಹಲಗೆಯ ಮುಂದೆ ನಿಂತಳು. "ಕಟ್ಟಿದ ಬೀಡಿ ಕೊಟ್ಟು ಬರುವ ಬ್ರಾಂಚಿನಲ್ಲಿ ದಿನಕ್ಕೆ ಮೂರು ಕಟ್ಟು ಸರಿಯಿಲ್ಲ ಅಂತ ತೆಗೆದುಹಾಕಿದರೆ ಅಜ್ಜಿಗೆ ಮೈನಸ್ ಮೂರು. ಹಾಗೆ ನಾಲ್ಕು ದಿನ ತೆಗೆದರು ಅಂತ ಇಟ್ಟುಕೊಳ್ಳುವ. ಐದನೆಯ ದಿನ ತಪ್ಪು ನಮ್ಮದೇ ಅಂತ ಹೇಳಿ ಆ ನಾಲ್ಕೂ ಕಡಿತವನ್ನು ತೆಗೆದುಬಿಟ್ಟರೆ, ಅಂದರೆ ಮೈನಸ್ ನಾಲ್ಕು ಸಲ, ಅಜ್ಜಿಗೆ ಹನ್ನೆರಡು ಕಟ್ಟು ವಾಪಸ್ ಬಂತಲ್ಲ ಟೀಚರ್? ಕಡಿತವನ್ನೇ ಕಡಿದರೆ ಬರುವುದು ಪ್ಲಸ್."

"ಇದು ಅಜ್ಜಿ ಹೇಳಿದ್ದಾ?"

"ಅಲ್ಲ, ನಾನು. ಅಜ್ಜಿ ಹೆಬ್ಬೆಟ್ಟು ಒತ್ತಿದ್ದು ಮಾತ್ರ."

ಟೀಚರ್ ಮಕ್ಕಳ ಸಾಲಿನಲ್ಲಿ ಚಾಪೆಯ ಮೇಲೆ ಹೋಗಿ ಕುಳಿತರು. "ಇನ್ನೊಮ್ಮೆ ಹೇಳು, ಬರೆದುಕೊಳ್ತೇನೆ" ಎಂದರು. ನಾನು ಮಿಷನ್ ನಿಲ್ಲಿಸಿದೆ. ಆ ಹೆಂಗಸಿನ ಮೇಲೆ ಅಷ್ಟು ಪ್ರೀತಿ ನನಗೆ ಹಿಂದೆಂದೂ ಬಂದಿರಲಿಲ್ಲ.

ರಿಫಾ ಇನ್ನೊಮ್ಮೆ ಹೇಳಿದಳು, ಈ ಸಲ ನಿಧಾನವಾಗಿ, ಟೀಚರ ಪೆನ್ನು ಎಲ್ಲಿಗೆ ಬಂತೆಂದು ನೋಡಿ ನೋಡಿ. ಮುಗಿಸಿ, ಚಾಕಿನ ಕೈಯನ್ನು ಬೆನ್ನ ಹಿಂದೆ ಒರೆಸಿಕೊಂಡಳು.

"ನಾಳೆ ಶಾಲೆಯಲ್ಲಿ ಹಾಲ್ ಟಿಕೆಟ್ ಕೊಡ್ತಾರಂತೆ ಟೀಚರ್. ನಾನು ಹೋಗಿ ತಕೊಳ್ತೇನೆ."