ಏಳನೇ ಖಂಡದ ಕೊನೆಯ ಪದ

ಇದು ೨೦೦೪ನೇ ಇಸವಿಯ ಮಾತು. ಆಗ ನಾನು ನಮ್ಮ ರಾಜ್ಯದ ಮೇಲ್ಮನೆಯ ಸದಸ್ಯೆಯಾಗಿದ್ದೆ. ಅದಕ್ಕೂ ಮೊದಲಿನ ಇಪ್ಪತ್ತಾರು ವರ್ಷ ಬಸವನಗುಡಿಯಲ್ಲಿ ಗೃಹಿಣಿ. ಆ ಸ್ಥಾನ ನನ್ನ ಯಜಮಾನರದ್ದು. ಅವರು ಹತ್ತೊಂಬತ್ತು ದಿನ ಆಸ್ಪತ್ರೆಯಲ್ಲಿದ್ದು ತೀರಿಕೊಂಡ ಮೇಲೆ, ಉಳಿದ ಅವಧಿಗೆ ನೀವೇ ನಿಲ್ಲಬೇಕು ಎಂದು ಪಕ್ಷದವರು ಮನೆಗೆ ಬಂದರು.

"ನೀವು ಸುಮ್ನೆ ಬಂದು ಕೂತ್ಕೊಂಡ್ರೆ ಸಾಕು ವಿಮಲಮ್ಮ, ಮಿಕ್ಕಿದ್ದು ನಾವು ನೋಡ್ಕೋತೀವಿ" ಅಂದರು. ಹಾಗೇ ಹೋಗಿ ಕೂತೆ. ಮೊದಲ ದಿನ ಮೊಗಸಾಲೆಯಲ್ಲಿ ಯಾರೋ ಒಬ್ಬರು, "ಇವರದ್ದು ಅನುಕಂಪದ ಆಧಾರದ ನೇಮಕಾತಿ ಕಣ್ರೀ" ಎಂದದ್ದು ಕಿವಿಗೆ ಬಿತ್ತು. ನಗು ಬರುವಂಥ ಮಾತೇ. ನನಗೆ ನಗುವೂ ಬರಲಿಲ್ಲ, ಬೇಜಾರೂ ಆಗಲಿಲ್ಲ.

ಆಗೆಲ್ಲ ನನಗೆ ಯಾವುದೂ ತಟ್ಟುತ್ತಿರಲಿಲ್ಲ. ಸಾರಿಗೆ ಉಪ್ಪು ಹಾಕಿದ್ದೇನೋ ಇಲ್ಲವೋ ನಾಲಿಗೆಗೆ ತಿಳಿಯುತ್ತಿರಲಿಲ್ಲ. ತಂಗಿ ಊಟಕ್ಕೆ ಬಂದಾಗ ಹೇಳಬೇಕಿತ್ತು. ಆಸ್ಪತ್ರೆಯ ಕೊನೆಯ ಬೆಳಿಗ್ಗೆ ಡಾಕ್ಟರು ನನ್ನ ಮುಂದೊಂದು ಕಾಗದ ಇಟ್ಟಿದ್ದರು. ಉಸಿರಾಟದ ಯಂತ್ರ ತೆಗೆಸಿ, ನಮ್ಮ ಸ್ವಂತ ಜವಾಬ್ದಾರಿಯ ಮೇಲೆ ಮನೆಗೆ ಕರೆದುಕೊಂಡು ಹೋಗುತ್ತೇವೆ ಎಂಬ ಕಾಗದ. ಕಾನ್ವೆಂಟಿನ ಸಿಸ್ಟರ್ ತಿದ್ದಿಸಿದ ದುಂಡು ಅಕ್ಷರದಲ್ಲಿ ಸಹಿ ಹಾಕಿದೆ. ಸಹಿಯ ಕೆಳಗೊಂದು ಗೆರೆ ಎಳೆಯುವುದು ನನ್ನ ಅಭ್ಯಾಸ, ಅದನ್ನೂ ಎಳೆದೆ. ಇವರ ಕಣ್ಣು ತೆರೆದೇ ಇತ್ತು.

ನನ್ನನ್ನು ಹಾಕಿದ್ದು ಎರಡು ಕೆಲಸಕ್ಕೆ. ಒಂದು, ಜನರಿಂದ ಬರುವ ಅರ್ಜಿಗಳನ್ನು ನೋಡುವ ಸಮಿತಿ. ಇನ್ನೊಂದು, ಡಾಕ್ಟರ್ ಶಿವಸ್ವಾಮಿಯವರು ತಂದಿದ್ದ ಖಾಸಗಿ ವಿಧೇಯಕವನ್ನು ಪರಿಶೀಲಿಸುವ ಐದು ಜನರ ಗುಂಪು. ಸರ್ಕಾರದ ಪರವಾಗಿ ಅಲ್ಲದೆ ಸದಸ್ಯರೊಬ್ಬರು ತಾವಾಗಿಯೇ ತರುವ ಮಸೂದೆಗೆ ಖಾಸಗಿ ವಿಧೇಯಕ ಎನ್ನುತ್ತಾರೆ. ಅವು ಕಾಯ್ದೆಯಾಗುವುದು ಅಪರೂಪ. ಆದರೂ ಶಿವಸ್ವಾಮಿಯವರು ಹಠ ಬಿಟ್ಟವರಲ್ಲ. ನಲವತ್ತು ವರ್ಷ ರೋಗಿಗಳನ್ನು ನೋಡಿ ನಿವೃತ್ತರಾದವರು, ಮನಸ್ಸಿನಲ್ಲಿ ಕೆಟ್ಟದ್ದಿಲ್ಲದ ಮನುಷ್ಯ. ಗುಣವಾಗುವ ಆಸೆಯೇ ಇಲ್ಲದ ರೋಗಿಯ ಚಿಕಿತ್ಸೆಯನ್ನು ಯಾವಾಗ ನಿಲ್ಲಿಸಬಹುದು, ಅದಕ್ಕೆ ಯಾರು ಒಪ್ಪಬೇಕು, ಮೋಸವಾಗದಂತೆ ಯಾರು ಕಾಯಬೇಕು ಎಂಬುದೇ ಆ ವಿಧೇಯಕ.

ಅದರ ಏಳನೇ ಖಂಡ, ಅಂದರೆ ಏಳನೇ ಕಲಮು, ಮಕ್ಕಳದ್ದು. ಇಂಗ್ಲಿಷ್ ಪ್ರತಿಯನ್ನು ಓದಿದಾಗ ನನಗೇನೂ ಅನಿಸಿರಲಿಲ್ಲ. ಕನ್ನಡ ಪ್ರತಿಯಲ್ಲಿ ಹೀಗಿತ್ತು: "ರೋಗಿಯು ಅಪ್ರಾಪ್ತ ವಯಸ್ಕನಾಗಿದ್ದಲ್ಲಿ, ಪೋಷಕರ ಒಪ್ಪಿಗೆಯನ್ನೇ ಸದರಿ ರೋಗಿಯ ಒಪ್ಪಿಗೆಯೆಂದು ಭಾವಿಸತಕ್ಕದ್ದು." ಇಂಗ್ಲಿಷಿನಲ್ಲಿ 'ಡೀಮ್ಡ್' ಎನ್ನುವುದಕ್ಕೆ ನಮ್ಮ ಕಾನೂನಿನ ಕನ್ನಡದಲ್ಲಿ ಇರುವ ಪದ ಅದು. ಇಲ್ಲದ್ದನ್ನು ಇದೆ ಎಂದು ಇಟ್ಟುಕೊಳ್ಳಬೇಕು ಎಂದರ್ಥ. ಏನನ್ನೂ ಭಾವಿಸಲಾಗದೆ ಕೂತಿದ್ದ ನನಗೆ ಕಾಗದವೊಂದು ಭಾವಿಸತಕ್ಕದ್ದು ಎಂದು ಆಜ್ಞೆ ಮಾಡುತ್ತಿತ್ತು. ಆ ಪದವನ್ನು ಎರಡು ಸಲ ಓದಿ ಮಡಚಿಟ್ಟೆ. ಶುಕ್ರವಾರದ ಸಭೆಯಲ್ಲಿ ಐವರೂ ಒಪ್ಪಿಗೆಯ ಸಹಿ ಹಾಕುವುದೆಂದು ಗೊತ್ತಾಗಿತ್ತು.

ಅದೇ ವಾರದ ಸೋಮವಾರ ಅರ್ಜಿಗಳ ಸಮಿತಿಗೆ ಹನುಮಂತನಗರದಿಂದ ಒಂದು ಅರ್ಜಿ ಬಂತು. ಟೈಪು ಮಾಡಿದ ಒಂದೇ ಪುಟ. ಸಾವಿತ್ರಿ ಎಂಬಾಕೆ ಬರೆದುಕೊಂಡಿದ್ದರು: "ನನ್ನ ಮಗಳು ಕು. ಚೈತ್ರಾ, ೧೩ ವರ್ಷ, ನಾಲ್ಕು ವರ್ಷದ ಹಿಂದೆ ಮೆದುಳು ಜ್ವರ ಬಂದು ಮಾತು, ಕೈಕಾಲು ಬಿದ್ದುಹೋಗಿದ್ದು, ಕುತ್ತಿಗೆಯ ಕೊಳವೆಯಿಂದ ಉಸಿರಾಡುತ್ತಿದ್ದು, ಆಕೆಗೆ ದಯಾಮರಣ ದಯಪಾಲಿಸಬೇಕಾಗಿ ಪ್ರಾರ್ಥನೆ."

ಸಮಿತಿಯ ಅಧಿಕಾರಿ ನಾಗರಾಜಯ್ಯನವರು ಆಗಲೇ ಟಿಪ್ಪಣಿ ಬರೆದು ತಂದಿದ್ದರು. ಕಾನೂನಿನಲ್ಲಿ ಅವಕಾಶವಿಲ್ಲ, ಮುಕ್ತಾಯಗೊಳಿಸಬಹುದು.

"ತಿಂಗಳಿಗೆ ಒಂದೆರಡು ಬರ್ತಾನೇ ಇರುತ್ವೆ ಮೇಡಂ. ಪಿಂಚಣಿ ನಿಂತ್ರೂ ದಯಾಮರಣ, ಮನೆ ಮುಂದೆ ಚರಂಡಿ ಕಟ್ಕೊಂಡ್ರೂ ದಯಾಮರಣ. ನಿಜವಾಗ್ಲೂ ಕೊಟ್ಬಿಟ್ರೆ ಯಾರೂ ಇಸ್ಕೊಳಲ್ಲ" ಎಂದು ನಕ್ಕರು.

ಶಿವಸ್ವಾಮಿಯವರು ಆ ಸಮಿತಿಯಲ್ಲೂ ಇದ್ದರು. ಅವರು ನಗಲಿಲ್ಲ. "ಇದನ್ನ ಮುಗಿಸ್ಬೇಡಿ ನಾಗರಾಜಯ್ಯ. ನನ್ನ ವಿಧೇಯಕದ ಜೊತೆ ಲಗತ್ತಿಸಿ. ಹೆತ್ತ ತಾಯಿನೇ ಕೇಳ್ತಿದಾಳೆ ಅಂದ್ಮೇಲೆ ಏಳನೇ ಖಂಡಕ್ಕೆ ಇದಕ್ಕಿಂತ ಸಾಕ್ಷಿ ಬೇಕಾ?"

ಕಡತ ಕೈಯಿಂದ ಕೈಗೆ ದಾಟಿ ನನ್ನ ಬಳಿ ಬಂತು. ನನಗೆ ದೊಡ್ಡ ವಿಷಯಗಳು ತಲೆಗೆ ಹೋಗುತ್ತಿರಲಿಲ್ಲ. ಕಾಗದ, ಗುಂಡುಸೂಜಿ, ಅಂಟು ಮಾತ್ರ ಕಾಣುತ್ತಿತ್ತು. ಅರ್ಜಿಯ ಹಿಂದೆ ಡಾಕ್ಟರ ಚೀಟಿ, ಪಡಿತರ ಚೀಟಿಯ ಪ್ರತಿ. ಡಾಕ್ಟರ ಚೀಟಿಯನ್ನು ತಿರುಗಿಸಿದೆ. ಹಿಂಬದಿಯಲ್ಲಿ ಪೆನ್ಸಿಲಿನಲ್ಲಿ ಗೆರೆ ಹೊಡೆದು, ಅ ಆ ಇ ಈ ಯಿಂದ ಳ ವರೆಗೆ ಸಾಲು ಸಾಲಾಗಿ ವರ್ಣಮಾಲೆ. ಕೆಲವು ಅಕ್ಷರಗಳ ಮೇಲೆ ಎಣ್ಣೆಬೆರಳಿನ ಗುರುತು. 'ಮ' ಮೇಲೆ ಹೆಚ್ಚು, 'ಙ' ಮೇಲೆ ಒಂದೂ ಇಲ್ಲ.

ಮನೆಯಲ್ಲಿ ಇನ್ನೊಂದು ಮಗು ಅಕ್ಷರ ಕಲಿಯುತ್ತಿರಬೇಕು ಅಂದುಕೊಂಡೆ. ಪಡಿತರ ಚೀಟಿ ನೋಡಿದೆ. ಎರಡೇ ಹೆಸರು, ತಾಯಿ ಮತ್ತು ಮಗಳು. ಹಾಗಾದರೆ ಈ ಅಕ್ಷರಗಳು ಯಾರಿಗೆ?

ಬುಧವಾರ ಮಧ್ಯಾಹ್ನ ಆಟೋ ಮಾಡಿಕೊಂಡು ಹನುಮಂತನಗರಕ್ಕೆ ಹೋದೆ. ಉದ್ದನೆಯ ವಠಾರದ ಕೊನೆಯ ಮನೆ. ಸಾವಿತ್ರಿ ಒಲೆಯ ಮುಂದೆ ಕೂತು ಚಕ್ಕುಲಿ ಒತ್ತುತ್ತಿದ್ದರು. ಗಾಂಧಿ ಬಜಾರಿನ ಕಾಂಡಿಮೆಂಟ್ಸ್ ಅಂಗಡಿಯೊಂದಕ್ಕೆ ದಿನಾ ಮಾಡಿಕೊಡುತ್ತಿದ್ದರಂತೆ. ನಾನು ಯಾರೆಂದು ತಿಳಿದ ಕೂಡಲೇ ಬಾಣಲೆ ಇಳಿಸಿ ಸೆರಗಿಗೆ ಕೈ ಒರೆಸಿಕೊಂಡರು.

ಮಂಚದ ಮೇಲೆ ಚೈತ್ರಾ. ಎರಡು ಜಡೆ ಹಾಕಿ ರಿಬ್ಬನ್ ಕಟ್ಟಿತ್ತು, ಶಾಲೆಗೆ ಹೊರಟವಳ ಹಾಗೆ. ಕೊಳವೆಯ ಸುತ್ತ ಬಿಳಿ ಬಟ್ಟೆ ಶುಭ್ರವಾಗಿತ್ತು. ನನ್ನನ್ನೇ ನೋಡುತ್ತಿದ್ದಳು.

ಚೀಟಿಯ ಹಿಂಬದಿ ತೋರಿಸಿ, ಇದೇನೆಂದು ಕೇಳಿದೆ.

"ಅಯ್ಯೋ, ಅದು ಅಲ್ಲಿಗೆ ಬಂದ್ಬಿಡ್ತಾ!" ಎಂದರು ಸಾವಿತ್ರಿ. "ಮೊದಮೊದಲು ಅದನ್ನ ನೋಡ್ಕೊಂಡು ಹೇಳ್ತಿದ್ದೆ ಮೇಡಂ. ಈಗ ಬಾಯಿಪಾಠ ಆಗಿದೆ. ನಾನು ಸಾಲು ಹೇಳ್ತಾ ಹೋಗ್ತೀನಿ, ಅವಳಿಗೆ ಬೇಕಾದ್ದು ಬಂದಾಗ ಕಣ್ಣು ಮೇಲೆ ಮಾಡ್ತಾಳೆ. ಆಮೇಲೆ ಅಕ್ಷರ, ಆಮೇಲೆ ಕಾಗುಣಿತ."

"ಡಾಕ್ಟರಿಗೆ ಹೇಳಿದ್ರಾ?"

"ಅವರು ಕೇಳ್ಲಿಲ್ಲ."

ತಾಯಿಯೇ ಸಾಲು ಹೇಳಲು ಶುರು ಮಾಡಿದರು. ನಾಲ್ಕು ನಿಮಿಷ ಹಿಡಿಯಿತು, ಎರಡು ಅಕ್ಷರಕ್ಕೆ. 'ಯಾ', 'ರು'.

"ನಾನು ವಿಮಲಾ ಅಂತ. ವಿಧಾನಸೌಧದಿಂದ ಬಂದಿದೀನಿ" ಅಂದೆ. ಅವಳು ನನ್ನ ಚಪ್ಪಲಿ ಬಿಟ್ಟ ಕಾಲು ನೋಡಿದಳು, ಮತ್ತೆ ಮುಖ ನೋಡಿದಳು.

ನಾನು ಸಾವಿತ್ರಿಯವರನ್ನು ಒಲೆಯ ಹತ್ತಿರ ಕರೆದು ಮೆಲ್ಲಗೆ ಕೇಳಿದೆ. ದಯಾಮರಣ ಎಂದು ನೀವೇ ಬರೆಸಿದ್ದಾ?

"ನಾನು ಹೇಳಿದ್ದು ಏನಾದ್ರೂ ಒಂದು ದಾರಿ ಮಾಡ್ಕೊಡಿ ಅಂತ. ಟೈಪ್ ಮಾಡೋರು, ಹಂಗೆ ಬರೆದ್ರೆ ಯಾರೂ ನೋಡಲ್ಲಮ್ಮ, ಈ ಪದ ಹಾಕಿದ್ರೇನೇ ಫೈಲ್ ಎದ್ದು ಕೂರೋದು ಅಂದ್ರು." ಚಕ್ಕುಲಿ ಹಿಟ್ಟಿನ ಮೇಲೆ ಬಟ್ಟೆ ಮುಚ್ಚಿ ಮುಂದುವರಿಸಿದರು. "ಸುಳ್ಳು ಯಾಕೆ ಹೇಳ್ಲಿ ಮೇಡಂ. ಆಮೇಲೆ ಓದ್ದೆ. ತೆಗೀರಿ ಅನ್ಬೋದಿತ್ತು. ಅನ್ಲಿಲ್ಲ. ಅವತ್ತು ತುಂಬ ಸುಸ್ತಾಗಿತ್ತು."

"ಅವಳನ್ನ ಕೇಳಿದ್ರಾ?"

"ಆ ಮಾತನ್ನ ಮಗು ಹತ್ರ ಹೆಂಗೆ ಆಡ್ಲಿ?"

ಮಂಚದಿಂದ ಕೊಳವೆಯ ಗೊರಗೊರ ಕೇಳಿಸಿತು. ಚೈತ್ರಾ ಕಣ್ಣು ಮೇಲೆ ಮಾಡಿ ಹಾಗೇ ಹಿಡಿದಿದ್ದಳು. ಅವಳಿಗೆ ಏನೋ ಹೇಳುವುದಿದ್ದರೆ ಹಾಗೆ ಮಾಡುತ್ತಾಳಂತೆ. ಸಾವಿತ್ರಿ ಹೋಗಿ ಪಕ್ಕದಲ್ಲಿ ಕೂತರು. ಸ್ವರದ ಸಾಲು ಎನ್ನುತ್ತಲೇ ಕಣ್ಣು ಎದ್ದಿತು. 'ಓ'. ಆಮೇಲೆ ತ ಸಾಲು, ದಕಾರ. 'ದಿ'. ಮತ್ತೆ ದಕಾರ. 'ದೆ'.

ಓದಿದೆ.

ತಾಯಿಗೆ ತಕ್ಷಣ ಅರ್ಥವಾಗಲಿಲ್ಲ. ನಾನು ಅವಳ ಕಣ್ಣು ಹೋದ ಕಡೆ ನೋಡಿದೆ. ಎದುರು ಗೋಡೆಯ ಮೇಲೆ ಕನ್ನಡಿ. ಅದರ ಚೌಕಟ್ಟಿನ ಸಂದಿಯಲ್ಲಿ ವಿದ್ಯುತ್ ಬಿಲ್ಲು ಸಿಕ್ಕಿಸಿತ್ತು.

"ಅರ್ಜಿನೂ ಅಲ್ಲೇ ಸಿಕ್ಕಿಸಿದ್ರಾ?" ಎಂದೆ.

"ಅಂಚೆಗೆ ಹಾಕಕ್ಕೆ ಆಗಿರ್ಲಿಲ್ಲ... ಒಂದು ವಾರ ಅಲ್ಲೇ..." ಎಂದು ಕನ್ನಡಿಯ ಕಡೆ ತಿರುಗಿದರು. ಚಕ್ಕುಲಿಯ ಎಣ್ಣೆ ಆರುತ್ತಾ ಸಣ್ಣಗೆ ಸದ್ದು ಮಾಡುತ್ತಿತ್ತು. ಏಳು ದಿನ ಆ ಹುಡುಗಿ ತನ್ನ ದಯಾಮರಣದ ಅರ್ಜಿಯನ್ನು ಎದುರಿಗಿಟ್ಟುಕೊಂಡು ಮಲಗಿದ್ದಳು. ಜಡೆ ಹಾಕಿಸಿಕೊಂಡಿದ್ದಳು. ಯಾರೂ ಕೇಳದಿದ್ದುದರಿಂದ ಏನೂ ಹೇಳಿರಲಿಲ್ಲ.

ಸಾವಿತ್ರಿಯವರಿಂದ ಮುಂದೆ ಆಗಲಿಲ್ಲ. ಹಾಗಾಗಿ ನಾನೇ ಚೀಟಿ ಹಿಡಿದು ಕೂತೆ. ಕಾನ್ವೆಂಟಿನಲ್ಲಿ ಕಲಿತವಳಾದರೂ, ಅಜ್ಜಿ ಬಾಯಿಪಾಠ ಮಾಡಿಸಿದ್ದ ಕಾಗುಣಿತ ಎಲ್ಲೋ ಉಳಿದಿತ್ತು. "ನಿಂಗೆ ಏನು ಬೇಕು ಹೇಳು ಪುಟ್ಟಿ" ಅಂದೆ.

ಪ ಸಾಲು. ಪ, ಫ, ಬ. ಕಣ್ಣು ಎದ್ದಿತು. ಬ ಬಾ ಬಿ ಬೀ ಬು ಬೂ ಬೃ ಬೆ ಬೇ. ಎದ್ದಿತು. ಟ ಸಾಲು. ಟ, ಠ, ಡ.

ಬೇಡ.

ಅದು ಯಾವುದಕ್ಕೆ ಎಂದು ಕೇಳಬೇಕಾಗಿರಲಿಲ್ಲ. ಆದರೂ ಕೇಳಿದೆ. ಅಷ್ಟು ಹೊತ್ತಿಗೆ ಕೇಳುವುದು ಎಷ್ಟು ಮುಖ್ಯ ಎಂದು ತಿಳಿದಿತ್ತು. "ಅರ್ಜಿಲಿ ಬರ್ದಿರೋದು ಬೇಡ್ವಾ?" ಕಣ್ಣು ಎದ್ದು ಬಹಳ ಹೊತ್ತು ಮೇಲೇ ನಿಂತಿತು. ಆಮೇಲೆ ಅವಳೇ ಮುಂದುವರಿಸಿದಳು. ಅದಕ್ಕೆ ಹದಿಮೂರು ನಿಮಿಷವಾಯಿತು.

ಅಮ್ಮಂಗೆ ರಜ.

ಸಾವಿತ್ರಿ ಎದ್ದು ಒಲೆಯ ಕಡೆ ಹೋದರು. ನಾನು ಅಲ್ಲೇ ಕೂತಿದ್ದೆ. ಅಳು ಬಂದೀತು ಎಂದು ಕಾದೆ. ಬರಲಿಲ್ಲ. ಹೊರಡುವಾಗ ಒಂದು ಚಕ್ಕುಲಿ ಕೊಟ್ಟರು. ಆಟೋದಲ್ಲಿ ಮುರಿದು ಬಾಯಿಗಿಟ್ಟೆ. ಉಪ್ಪು ತಿಳಿಯಿತು.

ಶುಕ್ರವಾರ ಸಹಿಯ ಹಾಳೆ ನನ್ನ ಮುಂದೆ ಬಂದಾಗ ಪೆನ್ನು ತೆಗೆಯಲಿಲ್ಲ. "ಏಳನೇ ಖಂಡದ ಕೊನೆಯ ಪದ ಬದಲಾಯಿಸಬೇಕು" ಅಂದೆ. ಮೇಲ್ಮನೆಗೆ ಸದಸ್ಯೆಯಾಗಿ ಹೋದ ಮೇಲೆ ನಾನಾಗಿ ಆಡಿದ ಮೊದಲ ಮಾತು ಅದು.

"ಯಾವ ಪದ ಅಮ್ಮಾ?" ಎಂದರು ಶಿವಸ್ವಾಮಿಯವರು.

"ಭಾವಿಸತಕ್ಕದ್ದು ಅನ್ನೋದನ್ನ ತೆಗೆದು, ಮಗುವನ್ನೂ ಕೇಳತಕ್ಕದ್ದು ಅಂತ ಆಗ್ಬೇಕು."

"ಮಾತೇ ಬರದ ಮಗುನ ಏನಂತ ಕೇಳ್ತೀರಾ?"

ಡಾಕ್ಟರ ಚೀಟಿಯನ್ನು ಹಿಂಬದಿ ಮೇಲಾಗಿ ಮೇಜಿನ ಮೇಲಿಟ್ಟು, ನಡೆದದ್ದನ್ನು ಹೇಳಿದೆ. ಅನುಕಂಪದ ನೇಮಕಾತಿ ಎಂದಿದ್ದವರೂ ಆ ಐವರಲ್ಲಿ ಒಬ್ಬರು. "ಎಲ್ಲ ಮಕ್ಕಳಿಗೂ ಹಿಂಗೆ ಆಗಲ್ಲ ಮೇಡಂ" ಎಂದರು. ಆಗದಿರಬಹುದು, ಆದರೆ ಮೊದಲು ಕೇಳಿ, ಆಮೇಲೆ ಆಗುವುದಿಲ್ಲ ಎಂದು ಬರೆಯಿರಿ ಅಂದೆ. ಶಿವಸ್ವಾಮಿಯವರು ಎಣ್ಣೆಯ ಗುರುತುಗಳ ಮೇಲೆ ಬೆರಳಾಡಿಸುತ್ತಾ ಕೂತಿದ್ದರು. "ನಲವತ್ತು ವರ್ಷದಲ್ಲಿ ಎಷ್ಟು ಚೀಟಿ ಬರೆದೆ ನಾನು. ಒಂದನ್ನೂ ತಿರುಗಿಸಿ ನೋಡ್ಲಿಲ್ಲ" ಎಂದರು. ತಮ್ಮ ಪೆನ್ನಿನಿಂದಲೇ ಆ ಪದ ಹೊಡೆದುಹಾಕಿದರು.

ವಿಧೇಯಕ ಚರ್ಚೆಗೆ ಬರಲೇ ಇಲ್ಲ. ಅಂಥ ಎಷ್ಟೋ ವಿಧೇಯಕಗಳ ಹಾಗೆ ಅದೂ ಕಾಲ ಮೀರಿ ಬಿದ್ದುಹೋಯಿತು. ಅರ್ಜಿಯ ಮೇಲಿನ ನಮ್ಮ ವರದಿ ಮಾತ್ರ ಸದನಕ್ಕೆ ಹೋಯಿತು. ಅದರಲ್ಲಿ ನಾಗರಾಜಯ್ಯನವರು 'ಆರೈಕೆದಾರರಿಗೆ ನಿಯತಕಾಲಿಕ ಬಿಡುವು' ಎಂದು ಬರೆದಿದ್ದರು. ಮಗು ಹೇಳಿದ್ದನ್ನು ಮಗು ಹೇಳಿದ ಹಾಗೇ ಹಾಕಿ ಎಂದು ಜಗಳವಾಡಿದೆ. ಹಾಗಾಗಿ ಆ ಸರ್ಕಾರಿ ವರದಿಯ ನಡುವೆ ಉದ್ಧರಣ ಚಿಹ್ನೆಯೊಳಗೆ 'ಅಮ್ಮಂಗೆ ರಜ' ಎಂದು ಅಚ್ಚಾಯಿತು. ಐದು ತಿಂಗಳ ಓಡಾಟದ ಮೇಲೆ ವಾರಕ್ಕೊಂದು ದಿನ ಬಂದು ನೋಡಿಕೊಳ್ಳಲು ಒಬ್ಬ ನರ್ಸನ್ನು ಕಳಿಸಿದರು. ಮೊದಲ ರಜದ ದಿನ ಸಾವಿತ್ರಿ ಎಲ್ಲಿಗೂ ಹೋಗಲಿಲ್ಲವಂತೆ. ವಠಾರದ ಕಟ್ಟೆಯ ಮೇಲೆ ಕೂತು, ಬಾಗಿಲ ಕಡೆಯೇ ನೋಡುತ್ತಿದ್ದರಂತೆ.

ಚೈತ್ರಾ ಇನ್ನೂ ಎರಡು ವರ್ಷ ಇದ್ದಳು. ಕೊನೆಗೆ ಎದೆಗೆ ಸೋಂಕು ತಗುಲಿ ಆಸ್ಪತ್ರೆಗೆ ಸೇರಿಸಿದಾಗ, ಯಂತ್ರಕ್ಕೆ ಹಾಕಬೇಕೆ ಬೇಡವೆ ಎಂದು ಡಾಕ್ಟರು ತಾಯಿಯನ್ನು ಕೇಳಿದರಂತೆ. ಚೈತ್ರಾ ಹೋಗಿ ಹದಿನೈದು ದಿನ ಕಳೆದು ಸಾವಿತ್ರಿ ನಮ್ಮ ಮನೆಗೆ ಬಂದರು. ಕೂತು ಕಾಫಿ ಕುಡಿದರು.

"ಕೇಳ್ದೆ ಮೇಡಂ, ಅವಳನ್ನೇ ಕೇಳ್ದೆ. ಮನೆ ಅಂದ್ಲು. ಕರ್ಕೊಂಡು ಬಂದೆ" ಎಂದರು. ಅವರ ದನಿ ಒಂದೇ ಸಮನಾಗಿತ್ತು.

ಶಾಸನ ಮಾಡುವ ಕೆಲಸ ನನಗೆ ಕಲಿಸಿದ್ದು ಇಷ್ಟೇ. ಬಾಯಿಲ್ಲದವರ ಪರವಾಗಿ ಬರೆಯುವ ಯಾವ ಕಾಗದಕ್ಕೂ ಸಹಿ ಹಾಕುವ ಮುಂಚೆ ಅವರ ಪಕ್ಕದಲ್ಲಿ ಕೂತು ಕೇಳಬೇಕು, ಎಷ್ಟು ಹೊತ್ತು ಹಿಡಿದರೂ. ಸಾವಿತ್ರಿಯವರನ್ನು ಗೇಟಿನವರೆಗೆ ಕಳಿಸಿ ಒಳಗೆ ಬಂದೆ. ಯಜಮಾನರ ಆಸ್ಪತ್ರೆಯ ಕಾಗದಗಳ ಚೀಲವನ್ನು ಬೀರುವಿನಿಂದ ತೆಗೆದೆ. ಮೇಲೇ ಇತ್ತು ಆ ಪ್ರತಿ: ನನ್ನ ದುಂಡು ಸಹಿ, ಕೆಳಗೆ ನೇರ ಗೆರೆ. ಆ ಬೆಳಿಗ್ಗೆ ಇವರ ಕಣ್ಣು ತೆರೆದಿತ್ತು. ನನ್ನನ್ನೇ ನೋಡುತ್ತಿತ್ತು. ನಾನು ಕೇಳಿರಲಿಲ್ಲ. ಭಾವಿಸಿದ್ದೆ.