ಯಾವ ಬೋಟು?

೧೯೮೯ರ ಕೊನೆಗೆ ಬೊಮ್ಮಯ್ಯ ಮುಂಬಯಿಯಲ್ಲಿ ಪ್ರೋಗ್ರಾಮಿಂಗ್ ಕಲಿತು ಬಂದು, ಕುಮಟೆಯ ನನ್ನ ಟೈಪಿಂಗ್ ಕ್ಲಾಸಿನ ಹಿಂದಿನ ಕೋಣೆಯಲ್ಲಿ ಕಂಪ್ಯೂಟರ್ ಇಟ್ಟ. ದಿನಾ ಅದರ ಧೂಳು ಒರೆಸಿ ನಾನೂ ಕಂಪ್ಯೂಟರ್ ಬಲ್ಲವನಾದೆ.

ಅವನ ಹುಟ್ಟೂರು ಹೊನ್ನಾವರದ ಮೀನುಗಾರರ ಸಂಘವೊಂದು ಅವನಿಗೆ ಕೆಲಸ ಒಪ್ಪಿಸಿತು: ಕಡಲಿಗೆ ಹೊರಟ ಬೋಟಿಗೆ ಎಷ್ಟು ಐಸು ಎಂದು ಯಂತ್ರವೇ ಚೀಟಿ ಕೊಡಬೇಕು. ಸರಿಹೋದರೆ ಕಾಯಂ ನೌಕರಿ, ಇಲ್ಲವಾದರೆ ಮತ್ತೆ ಮುಂಬಯಿ ಬಸ್ಸು.

ಐಸಿನ ಲೆಕ್ಕ ಹಾಕುವ ಫಂಕ್ಷನ್, ಅಂದರೆ ಪ್ರೋಗ್ರಾಮಿನ ತುಂಡು, ಯಾವುದೋ ಒಂದು ಬೋಟಿನದಲ್ಲ, ಎಲ್ಲವಕ್ಕೂ ಸೇರಿದ್ದು, ‘ಸ್ಟ್ಯಾಟಿಕ್’ ಅನ್ನುತ್ತಾರಂತೆ. ಅದರೊಳಗೆ ‘ಈ ಬೋಟು’ ಎಂದು ಬರೆದರೆ ಯಂತ್ರ ಒಪ್ಪುವುದಿಲ್ಲ. ಅದರ ಕೈಯಲ್ಲಿ ಯಾವ ಬೋಟೂ ಇರುವುದಿಲ್ಲವಲ್ಲ! ವಾರವಿಡೀ ಯಂತ್ರದ ಬೈಗುಳ ತಿಂದು ರೋಸಿದ ಬೊಮ್ಮಯ್ಯ, ಹೆಂಡತಿಯ ಅಣ್ಣ ಮಾಬ್ಲನ ಬೋಟನ್ನೇ ಅದರೊಳಗೆ ಕಟ್ಟಿಹಾಕಿದ. ಯಂತ್ರ ತೆಪ್ಪಗಾಯಿತು.

ಊರು ತೆಪ್ಪಗಾಗಲಿಲ್ಲ. ಯಂತ್ರವನ್ನು ಹೊನ್ನಾವರದ ಸಂಘಕ್ಕೆ ಒಯ್ದಿಟ್ಟರೆ, ಯಾರು ಕೇಳಿದರೂ ಮಾಬ್ಲನ ದೊಡ್ಡ ಬೋಟಿನ ಲೆಕ್ಕವೇ ಬಂತು. ಬೀರನ ಪುಟ್ಟ ಪಾತಿದೋಣಿಗೂ ಐಸಿನ ಗುಡ್ಡ.

“ಇದೆಂತ ಮಾರಾಯ, ದೋಣಿ ಮುಳ್ಗಿಸೂಕೆ ಸಂಘದ ಐಸೇ ಬೇಕಾ?” ಎಂದು ಬೀರ ಕೂಗಾಡಿದ.

“ಭಾವಂಗೆ ಮಾತ್ರ ಸಮಾ ಬತ್ತದೆ, ಅಲ್ವನಾ?” ಎಂದರು ಸಂಘದ ಕಾರ್ಯದರ್ಶಿ ಹಮ್ಮಣ್ಣ. “ನಾಳೆ ಸರಿಯಾಗ್ದಿದ್ರೆ ನಿನ್ನ ಡಬ್ಬಿ ಎತ್ಕಂಡು ನಡೆ.”

ಬೊಮ್ಮಯ್ಯ ಭಾವನ ಬೋಟನ್ನು ಕಿತ್ತುಹಾಕಿದ. ಇನ್ನು ಐಸು ಕೇಳುವವರೇ ಯಾವ ಬೋಟೆಂದೂ ಹೇಳಬೇಕು. ಹಾಗೆಂದು ಪ್ರೋಗ್ರಾಮ್ ತಿದ್ದಿ ಮರುದಿನ ಸಂಘದ ಕಿಂಡಿಯಲ್ಲಿ ಕೂತ.

“ನಮ್ದಕ್ಕೆ ಐಸು ಹಾಕು,” ಎಂದ ಬೀರ.

“ಯಾವ ದೋಣಿ?”

“ನಮ್ದು ಅಂದ್ನಲಾ.”

“ಹೆಸ್ರು ಹೇಳಾ ಮಾರಾಯ! ಇದಕ್ಕೆ ನಮ್ದು ನಿಮ್ದು ಗೊತ್ತಾಗೂದಿಲ್ಲ.”

“ಅದಕ್ಕೆ ಗೊತ್ತಿಲ್ದಿದ್ರೆ ಹೋಗ್ಲಿ, ನಿಂಗೂ ಗೊತ್ತಿಲ್ವಾ? ನಿನ್ನ ಮದ್ವೆಗೆ ಇಸ್ವಾಣ ಮೀನು ತಂದ್ಕೊಟ್ಟದ್ದು ಯಾರ ದೋಣಿಯಾ?”

ಹಿಂದೆಯೇ ಮಾಬ್ಲ ನಿಂತಿದ್ದ. “ನಮ್ದಕ್ಕೂ ಹಾಕ್ಬಿಡು.”

ಬೊಮ್ಮಯ್ಯ ಕಣ್ಣು ಮುಚ್ಚಿಕೊಂಡು ಕೇಳಿಯೇಬಿಟ್ಟ: “ಯಾವ ಬೋಟು?”

ಆ ವರ್ಷದ ಹಬ್ಬಕ್ಕೆ ಭಾವನ ಮನೆಯಿಂದ ಕರೆ ಬರಲಿಲ್ಲ.

ಐಸು ಮಾತ್ರ ಸರಿಯಾಗಿ ಹೋಯಿತು. ಹಮ್ಮಣ್ಣ ನೌಕರಿ ಕಾಯಂ ಮಾಡಿದರು: ದಿನವಿಡೀ ಕಿಂಡಿಯಲ್ಲಿ ಕೂತು, ಹುಟ್ಟಿದಾಗಿನಿಂದ ಬಲ್ಲವರನ್ನೆಲ್ಲ ‘ಯಾವ ಬೋಟು?’ ಎಂದು ಕೇಳಿ ಬೈಸಿಕೊಳ್ಳುವುದು.

ಮೊದಲ ರಜೆಯ ದಿನ ಬಂದು ನನ್ನ ಬೆಂಚಿನ ಮೇಲೆ ಕುಸಿದ. “ಮಾಸ್ತರ್ರೆ, ಬೊಂಬಾಯೇ ಸಮಾ ಇತ್ತು. ಅಲ್ಲಿ ಯಾರ ಗುರ್ತೂ ಯಾರಿಗೂ ಇಲ್ಲ.”